ಬಾವಿಗೋಡೆಯ ಪುಟ್ಟ ಗರಿ

ತಿಪಟೂರು ಸೀಮೆಗೆ ಬಂದವರ ಕಣ್ಣು ಮೊದಲು ಮೇಲಕ್ಕೆ ಹೋಗುತ್ತದೆ. ಎಲ್ಲಿ ನೋಡಿದರೂ ತೆಂಗು, ಮಾತೆತ್ತಿದರೆ ಕೊಬ್ಬರಿ ರೇಟು. ನಮ್ಮ ಹಾಲ್ಕುರಿಕೆಯೂ ಹಾಗೇ. ಆದರೆ ಮಕ್ಕಳೇ, ಮಳೆ ಬಿದ್ದ ಮೇಲೆ ಇಲ್ಲಿಗೆ ಬಂದರೆ ಒಮ್ಮೆ ಕೆಳಗೂ ನೋಡಿ. ತೋಟದ ಕಾಲುವೆಯ ಅಂಚಿನಲ್ಲಿ, ಹಳೆಯ ಬಾವಿಯ ಕಲ್ಲುಸಂದಿಯಲ್ಲಿ ಹಸಿರು ಮಖಮಲ್ಲು ಹಾಸಿದಂತಿರುತ್ತದೆ.

ಊರಲ್ಲಿ ಅದಕ್ಕೂ ಪಾಚಿ ಎನ್ನುತ್ತೇವೆ, ಕೆರೆ ನೀರಲ್ಲಿ ತೇಲುವ ಹಸಿರಿಗೂ ಪಾಚಿ ಎನ್ನುತ್ತೇವೆ. ಎರಡೂ ಬೇರೆ ಬೇರೆ. ನೀರಿನಲ್ಲಿ ತೇಲುವುದು ಶೈವಲ. ಕಲ್ಲಿನ ಮೇಲಿನದು ಹಾವಸೆ. ಹಾವಸೆಗೆ ಪುಟ್ಟ ಕಾಂಡ, ಪುಟ್ಟ ಎಲೆಗಳಿವೆ. ಹೂವಿಲ್ಲ, ಬೀಜವಿಲ್ಲ, ನಿಜವಾದ ಬೇರೂ ಇಲ್ಲ. ಕೂದಲೆಳೆಯಂಥ ತಂತುಗಳಿಂದ ಮಣ್ಣು ಹಿಡಿದು, ಎಲೆಯ ಮೈಯಿಂದಲೇ ನೀರು ಕುಡಿಯುತ್ತದೆ.

ಬ್ಯಾಂಕಿನಲ್ಲಿ ಚೆಕ್ಕಿನ ಸಹಿ ಹೋಲಿಸಿ ಹೋಲಿಸಿ ಪಳಗಿದ ಕಣ್ಣು ನನ್ನದು. ನಿವೃತ್ತನಾದ ಮೇಲೆ ಭೂತಗನ್ನಡಿ ಹಿಡಿದು ಹಾವಸೆಗಳನ್ನು ನೋಡತೊಡಗಿದೆ. ನನಗೆ ಅಚ್ಚುಮೆಚ್ಚು ಫಿಸಿಡೆನ್ಸ್ ಎಂಬ ಜಾತಿ. ಬಹುಪಾಲು ಹಾವಸೆಗಳ ಎಲೆ ಕಾಂಡದ ಸುತ್ತಲೂ ಬೆಳೆಯುತ್ತವೆ. ಇದರದು ಎಡಕ್ಕೊಂದು ಬಲಕ್ಕೊಂದು ಎರಡೇ ಸಾಲು, ಥೇಟ್ ತೆಂಗಿನ ಗರಿ! ಎತ್ತರ ಮಾತ್ರ ಎಷ್ಟೋ ಸಲ ಒಂದು ಸೆಂಟಿಮೀಟರೂ ಇರುವುದಿಲ್ಲ. ಪ್ರತಿ ಎಲೆಯ ಬುಡದಲ್ಲೂ ಅಂಗಿಯ ಜೇಬಿನಂಥ ಮಡಿಕೆಯಿದ್ದು, ಅದು ಕಾಂಡವನ್ನು ಅಪ್ಪಿ ಹಿಡಿದಿರುತ್ತದೆ. ಆ ಜೇಬು ಕಂಡರೆ ಫಿಸಿಡೆನ್ಸ್ ಎಂದೇ ಲೆಕ್ಕ.

ಈ ಹೆಸರು 1801ರಲ್ಲಿ ಅಚ್ಚಾದ, ಜರ್ಮನಿಯ ವೈದ್ಯ ಯೋಹಾನ್ ಹೆಡ್ವಿಗ್ ಬರೆದ ಗ್ರಂಥದಲ್ಲಿದೆ. ಅರ್ಥ 'ಸೀಳಿದ ಹಲ್ಲು'. ಕಡ್ಡಿಯಂಥ ತೊಟ್ಟಿನ ತುದಿಯಲ್ಲಿ ಬೀಜಕಗಳ ಡಬ್ಬಿ, ಅದರ ಬಾಯಿಗೆ 16 ಹಲ್ಲು, ಸಾಮಾನ್ಯವಾಗಿ ಪ್ರತಿ ಹಲ್ಲೂ ಎರಡಾಗಿ ಸೀಳಿರುತ್ತದೆ. ಗಾಳಿಯ ತೇವಕ್ಕೆ ತಕ್ಕಂತೆ ಹಲ್ಲುಗಳು ಬಾಗಿ ನಿಮಿರಿ ಬೀಜಕಗಳನ್ನು ಹೊರಕ್ಕೆ ಬಿಡುತ್ತವೆ. ಲೋಕದಲ್ಲಿ ಇದರ 400ಕ್ಕೂ ಹೆಚ್ಚು ಪ್ರಭೇದಗಳಿವೆ.

ಮಲೆನಾಡಿನಲ್ಲಿ ಮರದ ಬುಡ, ತೊರೆಯ ಬಂಡೆ ಎಲ್ಲವೂ ಇವುಗಳ ಮನೆಯೇ. ನಮ್ಮ ಬಯಲುಸೀಮೆಯಲ್ಲಿ ನೆರಳೂ ತೇವವೂ ಇರುವ ಮೂಲೆಯೇ ಗತಿ. ಹಾವಸೆಯ ಗಂಡುಕಣ ಹೆಣ್ಣುಕಣದ ಹತ್ತಿರ ನೀರಿನಲ್ಲಿ ಈಜಿಯೇ ಹೋಗಬೇಕು. ನೀರಿಲ್ಲದಿದ್ದರೆ ಈ ಮದುವೆಯೇ ಇಲ್ಲ.

ನಾನು ಹುಡುಗನಾಗಿದ್ದಾಗ ನಮ್ಮ ತೋಟದ ಬಾವಿಯಲ್ಲಿ ನೀರಿನ ಮಟ್ಟದವರೆಗೂ ಈ ಹಸಿರಿತ್ತು. ಸುತ್ತಮುತ್ತ ಕೊಳವೆಬಾವಿಗಳಾದವು, ನೀರು ಇಳಿಯಿತು. ಈಗ ಹಸಿರು ಉಳಿದಿರುವುದು ಮಳೆನೀರು ಜಿನುಗುವ ಮೇಲಿನ ನಾಲ್ಕು ಸಾಲು ಕಲ್ಲಿನಲ್ಲಿ ಮಾತ್ರ.

"ಬತ್ತಿದ ಬಾವಿ ಯಾಕೆ ದೊಡ್ಡಪ್ಪ? ಮುಚ್ಚಿಸಿ ಎರಡು ಸಸಿ ಇಡೋಣ" ಎಂದ ತಮ್ಮನ ಮಗ.

"ತೋಟದ ಮಳೆನೀರು ಅದಕ್ಕೇ ತಿರುಗಿಸಿ ಇಂಗಿಸೋಣ ಕಣಪ್ಪಾ, ಸಸಿಗೂ ನೀರು ಬೇಕಲ್ಲ" ಎಂದೆ. ಭೂತಗನ್ನಡಿ ಕೊಟ್ಟು ಆ ಪುಟ್ಟ ಗರಿಗಳನ್ನೂ ತೋರಿಸಿದೆ. ಬಹಳ ಹೊತ್ತು ನೋಡಿದ. ಈ ಮಳೆಗಾಲ ಕಳೆಯಲಿ, ನೋಡೋಣ ಎಂದಿದ್ದಾನೆ.

ನೀವೂ ಹಿತ್ತಲ ಗೋಡೆಯ ಒಣಗಿ ಮುದುಡಿದ ಹಾವಸೆಗೆ ಒಂದು ಚಮಚ ನೀರು ಹಾಕಿ ನೋಡಿ. ಸ್ವಲ್ಪ ಹೊತ್ತಿನಲ್ಲೇ ಎಲೆ ಬಿಚ್ಚಿ ಹಸಿರಾಗುತ್ತದೆ. ಕೀಳಬೇಡಿ. ಬಾವಿಯ ಹತ್ತಿರ ಮಾತ್ರ ತಾತನ ಕೈ ಹಿಡಿದೇ ಹೋಗಿ.