ಸುತ್ತಿನ ಲೆಕ್ಕದ ಪುಸ್ತಕ

ನಮ್ಮ ಮೋಟಾರ್ ವೈಂಡಿಂಗ್ ಅಂಗಡಿಗೆ ಆ ಹುಡುಗ ಬಂದಾಗ ಅವನಿಗೆ ಹದಿನೈದು ವರ್ಷ. ಬಾಪ ತೀರಿಹೋಗಿದ್ದರು. ಉಮ್ಮ ಬೀಡಿ ಕಟ್ಟಿ ಮೂವರು ಮಕ್ಕಳನ್ನು ಸಾಕುತ್ತಿದ್ದರು. ಮಾವ ಕರೆದುಕೊಂಡು ಬಂದು, "ಯತೀಂ ಹುಡುಗ, ಒಂದು ಕೆಲಸ ಕಲಿಸಿ ಕಾಕ" ಎಂದರು. ನಾನು ಖುಷಿಯಿಂದಲೇ ಒಪ್ಪಿದೆ. ಊರಿನವರೂ ನನ್ನನ್ನು ಹೊಗಳಿದರು.

ಆರು ವರ್ಷ ಅವನು ನನ್ನ ಜೊತೆಗಿದ್ದ. ಬೇಸಿಗೆಯಲ್ಲಿ ಕಡಿಮೆ ವೋಲ್ಟೇಜಿಗೆ ತೋಟದ ಪಂಪುಗಳು ಸುಟ್ಟು ಸಾಲುಸಾಲಾಗಿ ಬರುತ್ತಿದ್ದವು. ಸುಟ್ಟ ಕಾಯಿಲ್ ಕತ್ತರಿಸಿ ತೆಗೆಯುವುದು, ಸ್ಲಾಟಿಗೆ ಕಾಗದ ಹಾಕುವುದು, ತಂತಿ ಕೂರಿಸುವುದು, ವಾರ್ನಿಶ್ ಹೊಡೆದು ಒಣಗಿಸುವುದು ಎಲ್ಲ ಅವನ ಕೈಯಲ್ಲೇ. ಆದರೆ ಯಾವ ಮೋಟಾರಿಗೆ ಎಷ್ಟು ಗೇಜಿನ ತಂತಿ, ಎಷ್ಟು ಸುತ್ತು ಎಂದು ಬರೆದಿಟ್ಟ ಪುಸ್ತಕ ಮಾತ್ರ ನನ್ನ ಡ್ರಾಯರಿನಲ್ಲಿ, ಬೀಗದೊಳಗೆ. ನನ್ನ ಉಸ್ತಾದರೂ ಹಾಗೆಯೇ ಇಟ್ಟಿದ್ದರು. ಹುಡುಗ ಎಲ್ಲ ಕಲಿತರೆ ಎದುರಲ್ಲೇ ಅಂಗಡಿ ಹಾಕುತ್ತಾನೆ ಎಂಬ ಹೆದರಿಕೆ ನಮಗೆಲ್ಲ ಇದೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ.

ಗಲ್ಫಿನ ಇಂಟರ್‌ವ್ಯೂಗೆ ಹೊರಟಾಗ ಅವನು ಕೇಳಿದ: "ಕಾಕ, ನಾನು ಇಲ್ಲಿ ಕೆಲಸ ಕಲಿತೆ ಅಂತ ಒಂದು ಕಾಗದ ಕೊಡ್ತೀರಾ?" ಬಿಲ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಎರಡು ಸಾಲು ಬರೆದು ಸಹಿ ಹಾಕಿ ಕೊಟ್ಟೆ. ಇಂಟರ್‌ವ್ಯೂನಲ್ಲಿ ಸುತ್ತಿನ ಲೆಕ್ಕ ಕೇಳಿದರಂತೆ. ಅವನಿಗೆ ಗೊತ್ತಿರಲಿಲ್ಲ. ಹೆಲ್ಪರ್ ವೀಸಾದಲ್ಲಿ ಹೋದ.

ಇದು ನನಗೆ ಚುಚ್ಚಿದ್ದು ಕಳೆದ ವರ್ಷ, ಜಳಕೋಟಕ್ಕೆ ಹೋದಾಗ. ಜುಬೈಲಿನಲ್ಲಿ ನನ್ನ ರೂಮಿನಲ್ಲಿದ್ದ ಗೆಳೆಯನ ಮಗಳ ಮದುವೆ. ಸೊಲ್ಲಾಪುರದಲ್ಲಿ ರೈಲಿಳಿದು ಬಸ್ಸಿನಲ್ಲಿ ಉಮರ್ಗಾ ತಲುಪಿದೆ. ಅಲ್ಲಿಂದ ಅವನ ಕಾರಿನಲ್ಲಿ ಕಿಲ್ಲಾರಿ, ನಿಲಂಗಾ, ಉದಗೀರ್ ದಾಟಿ ಹೋದೆವು. ಮರಾಠಿ, ಕನ್ನಡ, ದಖನಿ ಮೂರೂ ಬೆರೆತ ಗಡಿ ಸೀಮೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಬಿಟ್ಟು ಬಂದು ಜನ ಮಲಗಿದ್ದ ಹೊತ್ತಿಗೆ ಇಲ್ಲಿ ಭೂಮಿ ನಡುಗಿತ್ತು. ಕಲ್ಲು ಮಣ್ಣಿನ ದಪ್ಪ ಗೋಡೆಗಳು ಮಲಗಿದವರ ಮೇಲೆಯೇ ಬಿದ್ದವು. ಸತ್ತವರು ಹತ್ತಿರ ಹತ್ತಿರ ಹತ್ತು ಸಾವಿರ. ಉಳಿದ ಮಕ್ಕಳಲ್ಲಿ ಸುಮಾರು 1,200 ಮಂದಿಯನ್ನು ಭಾರತೀಯ ಜೈನ ಸಂಘಟನೆಯ ಶಾಂತಿಲಾಲ್ ಮುತ್ತಾ ಪುಣೆಗೆ ಕರೆದೊಯ್ದು ಓದಿಸಿದರು. ನಳದುರ್ಗದಲ್ಲಿ ರಾಷ್ಟ್ರ ಸೇವಾ ದಳದವರು 'ಆಪಲಂ ಘರ್' ಎಂಬ ಮನೆ ಮಾಡಿದರು.

ದಾರಿಯಲ್ಲಿ ಗೆಳೆಯ ಒಬ್ಬ ಗೌಂಡಿಯ ಮನೆಗೆ ಕರೆದುಕೊಂಡು ಹೋದ. ನಮ್ಮಲ್ಲಿ ಮೇಸ್ತ್ರಿ ಎನ್ನುವವರನ್ನು ಅಲ್ಲಿ ಗೌಂಡಿ ಎನ್ನುತ್ತಾರೆ. ಭೂಕಂಪದಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡಾಗ ಅವರಿಗೂ ಹದಿನೈದೇ. ಹೊಸ ಊರುಗಳನ್ನು ಕಟ್ಟುತ್ತಿದ್ದ ಕಾಲ, ಭೂಕಂಪ ತಾಳುವ ಹಾಗೆ ಕಟ್ಟಲು ಸ್ಥಳೀಯ ಗೌಂಡಿಗಳಿಗೆ ತರಬೇತಿ ಕೊಡುತ್ತಿದ್ದರು. ಅಂಥ ಒಬ್ಬರ ಕೈಕೆಳಗೆ ಇವರು ಸೇರಿದರು. "ಮೂರನೇ ತಿಂಗಳಿಗೆ ನನ್ನ ಕೈಗೆ ತೂಕದ ಗುಂಡು ಕೊಟ್ಟರು. ಗೋಡೆ ವಾಲಿತು. ಬಿಚ್ಚಿಸಿ ನನ್ನಿಂದಲೇ ಮತ್ತೆ ಕಟ್ಟಿಸಿದರು. ಕೂಲಿ ಮಾತ್ರ ಹಿಡಿಯಲಿಲ್ಲ" ಎಂದರು. ಈಗ ಅವರ ಕೈಕೆಳಗೆ ಎಂಟು ಜನ ಇದ್ದಾರೆ. ಚಹಾ ಕುಡಿಯುತ್ತ ನನಗೆ ನನ್ನ ಡ್ರಾಯರಿನ ಬೀಗ ನೆನಪಾಯಿತು.

ನಮ್ಮ ಮಾತಿನಲ್ಲಿ ಬಾಪ ಇಲ್ಲದ ಮಗು ಯತೀಂ. ಕಾನೂನಿನಲ್ಲಿ ಹಾಗಲ್ಲ, ಉಮ್ಮ ಇದ್ದರೆ ಆ ಮಗು ಸಾಮಾನ್ಯವಾಗಿ ಅನಾಥರ ಲೆಕ್ಕಕ್ಕೆ ಬರುವುದಿಲ್ಲ. ಆಶ್ರಯಮನೆಯಲ್ಲಿ ಬೆಳೆದವರಿಗೆ 18 ತುಂಬಿದ ಮೇಲೂ 21ರ ತನಕ ಆಸರೆ ಕೊಡಲು 2015ರ ಬಾಲ ನ್ಯಾಯ ಕಾಯ್ದೆಯಲ್ಲಿ ಅವಕಾಶ ಇದೆ. ಮನೆಯಿಂದಲೇ ಅಂಗಡಿಗೆ ಬರುವ ನಮ್ಮ ಹುಡುಗರಿಗೆ ಆಸರೆ ಎಂದರೆ ಆ ಅಂಗಡಿಯವನೇ.

1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ 14 ತುಂಬಿದವರನ್ನು ಸೇರಿಸಿಕೊಳ್ಳಬಹುದು, ಅಪಾಯದ ಕೆಲಸವಾದರೆ 18 ಆಗಬೇಕು. ಕರಾರು ಬರೆಯಬೇಕು, ಹುಡುಗ ಚಿಕ್ಕವನಾದರೆ ಪೋಷಕರ ಸಹಿ ಬೇಕು, ತಿಂಗಳಿಗೆ ಸ್ಟೈಪೆಂಡ್ ಕೊಡಬೇಕು. 2016ರಲ್ಲಿ ಬಂದ ಯೋಜನೆಯಲ್ಲಿ ಆ ಸ್ಟೈಪೆಂಡಿನ ಕಾಲು ಭಾಗವನ್ನು, ಹೆಚ್ಚೆಂದರೆ 1,500 ರೂಪಾಯಿಯನ್ನು, ಕೇಂದ್ರ ಸರಕಾರ ಕೊಡುತ್ತದೆ. ಆದರೆ ನಾಲ್ಕು ಜನರೂ ಇಲ್ಲದ ನನ್ನಂಥ ಅಂಗಡಿ ಇದರೊಳಗೆ ಬರುವುದಿಲ್ಲ. ನಮ್ಮ ಹುಡುಗರಲ್ಲಿ ಎಷ್ಟೋ ಮಂದಿ ಕಲಿಯುವುದು ಇಂಥ ಅಂಗಡಿಗಳಲ್ಲೇ. ಕೈಯಿಂದ ಕಲಿತವರನ್ನು ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುವ ವ್ಯವಸ್ಥೆ ಪ್ರಧಾನಮಂತ್ರಿ ಕೌಶಲ ಯೋಜನೆಯಲ್ಲಿದೆ. ಅದರ ಬಗ್ಗೆ ಹುಡುಗನಿಗೆ ಹೇಳಬೇಕಾದವನು ನಾನಾಗಿದ್ದೆ.

ಊರಿಗೆ ಬಂದವನೇ ಅವನಿಗೆ ಫೋನ್ ಮಾಡಿದೆ. ಮಾಫ್ ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಪುಸ್ತಕದ ಫೋಟೋ ಕಳಿಸ್ತೀರಾ ಕಾಕ?" ಎಂದ. ಆ ರಾತ್ರಿಯೇ ಅಷ್ಟೂ ಹಾಳೆಗಳನ್ನು ಕಳಿಸಿದೆ.

ಈಗ ಅಂಗಡಿಯಲ್ಲಿ ಹೊಸ ಹುಡುಗ ಇದ್ದಾನೆ. ಅವನಿಗೂ ಬಾಪ ಇಲ್ಲ. ಹತ್ತನೇ ಕ್ಲಾಸಿನ ಉಳಿದ ವಿಷಯ ಕಟ್ಟಿಸಿದ್ದೇನೆ. ಹಣ ಪ್ರತಿ ತಿಂಗಳು ಅವನ ಬ್ಯಾಂಕ್ ಖಾತೆಗೆ ಹೋಗುತ್ತದೆ. ಯಾವ ತಿಂಗಳು ಏನು ಕಲಿತ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಇಬ್ಬರೂ ಸಹಿ ಹಾಕುತ್ತೇವೆ. ಸುತ್ತಿನ ಲೆಕ್ಕದ ಪುಸ್ತಕ ಮೇಜಿನ ಮೇಲೆಯೇ ಇರುತ್ತದೆ. ಮೊನ್ನೆ ಅದರಲ್ಲಿ ನಾನು ಬರೆದಿದ್ದ ಒಂದು ತಪ್ಪನ್ನು ಅವನೇ ಹಿಡಿದು ತಿದ್ದಿದ.