ಸೊನ್ನೆ ಸರ್ವಿಸ್ ಚಾರ್ಜ್

ಮಾರ್ಚ್ 4, 2024, ಸೋಮವಾರ

ಹೌಸ್‌ಕೀಪಿಂಗ್ ಕರಾರು ಈ ತಿಂಗಳ ಕೊನೆಗೆ ಮುಗಿಯುತ್ತದೆ. ಹೊಸ ಕೊಟೇಶನ್‌ಗಳನ್ನು ಸಂಜೆ ಬಿಡಿಸಿಕೊಂಡು ಕೂತೆ. ಎಲ್ಲರಿಗಿಂತ ಕಡಿಮೆ ದರ ಕೊಟ್ಟವರು ಸರ್ವಿಸ್ ಚಾರ್ಜ್ ಕಾಲಮ್ಮಿನಲ್ಲಿ ಸೊನ್ನೆ ಬರೆದಿದ್ದಾರೆ. ಲಾಭವೇ ಇಲ್ಲದೆ ಯಾರು ಆಳು ಕಳಿಸುತ್ತಾರೆ? ಕನಿಷ್ಠ ವೇತನದ ಮೇಲೆ ಪಿಎಫ್ ಆಡಳಿತ ಶುಲ್ಕ, ವಿಮೆ ಸೇರಿ 13%, ಇಎಸ್‌ಐ 3.25%, ಬೋನಸ್ 8.33%. ಇದರಲ್ಲಿ ಒಂದು ಪೈಸೆಯನ್ನೂ ಇಳಿಸುವ ಹಾಗಿಲ್ಲ. ವಾರದ ರಜೆಗೆ ಬರಬೇಕಾದ ರಿಲೀವರ್ ಖರ್ಚನ್ನು ಅವರು ತೋರಿಸಿಯೇ ಇಲ್ಲ. ಅಂದರೆ ಯಾವಳೋ ಒಬ್ಬಳು ರಜೆಯಿಲ್ಲದೆ ದುಡಿಯಬೇಕು, ಇಲ್ಲವೇ ಹಾಜರಿ ಪುಸ್ತಕದಲ್ಲಷ್ಟೇ ಇರುವ ಹೆಸರುಗಳಿಗೆ ನಾವು ಬಿಲ್ ಕಟ್ಟಬೇಕು. ಖರೀದಿ ವಿಭಾಗದವರಿಗೆ ಇದೇ ಅಗ್ಗ. ನಾನು ಒಪ್ಪುವುದಿಲ್ಲ.

ಮಾರ್ಚ್ 7, ಗುರುವಾರ

ಇವತ್ತಿನೊಳಗೆ ಬಟವಾಡೆ ಆಗಬೇಕಿತ್ತು, ಆಗಿಲ್ಲ. "ನಾಳೆ ಶಿವರಾತ್ರಿ ಮೇಡಂ, ಸಂಬಳ ಯಾವಾಗ ಹಾಕ್ತಾರಂತೆ?" ಎಂದು ಎರಡನೇ ಮಹಡಿ ಗುಡಿಸುವ ಅಕ್ಕ ಕೇಳಿದರು. ಈಗಿನ ಏಜೆನ್ಸಿಯ ಯಜಮಾನರಿಗೆ ಫೋನ್ ಮಾಡಿದೆ. "ಡಿಸೆಂಬರ್ ಬಿಲ್ಲೇ ನಿಮ್ಮಲ್ಲಿ ಪಾಸಾಗಿಲ್ಲ, ನಾನು ಎಲ್ಲಿಂದ ತರಲಿ ಮೇಡಂ?" ಎಂದರು. ನಿಜ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಂತೆ ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮೂಲ ಮಾಲೀಕರೇ ಕೊಡಬೇಕು. ಇಲ್ಲಿ ಹಣ ತಡೆಹಿಡಿದವರೂ ಮೂಲ ಮಾಲೀಕರೇ, ಅಂದರೆ ನಾವೇ.

ಮಾರ್ಚ್ 12, ಮಂಗಳವಾರ

ಅಕೌಂಟ್ಸ್ ಮುಖ್ಯಸ್ಥರ ಜೊತೆ ಕೂತು ಮಾತಾಡಿದೆ. ಏಜೆನ್ಸಿ ಸಣ್ಣ ಉದ್ಯಮವೆಂದು ಉದ್ಯಮ್ ನೋಂದಣಿ ಪಡೆದಿದೆ. 2006ರ ಕಾಯ್ದೆ ಪ್ರಕಾರ ಅಂಥವರಿಗೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಈ ವರ್ಷದ ಲೆಕ್ಕದಿಂದ ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ಕಲಮು ಕೂಡ ಬಂದಿದೆ: ಗಡುವು ಮೀರಿ ಮಾರ್ಚ್ 31ಕ್ಕೂ ಉಳಿದ ಬಾಕಿಯನ್ನು ಈ ವರ್ಷದ ಖರ್ಚಾಗಿ ತೋರಿಸುವಂತಿಲ್ಲ. ಅವರು ಕೂಡಲೇ ಫೈಲ್ ತರಿಸಿದರು. ಸಂಜೆಗೆ ಡಿಸೆಂಬರ್ ಬಿಲ್ ಪಾಸಾಯಿತು.

ಮಾರ್ಚ್ 15, ಶುಕ್ರವಾರ

ಊರಿಗೆಲ್ಲ ನೀರಿಲ್ಲ, ನಮ್ಮ ಬೋರೂ ಬತ್ತಿದೆ, ಟ್ಯಾಂಕರ್ ಬಂದ ದಿನ ಬಂತು. ಕರಾರಿನಲ್ಲಿ ಮಾತ್ರ ದಿನಕ್ಕೆ ಎರಡು ಸಲ ನೆಲ ಒರೆಸದಿದ್ದರೆ ಬಿಲ್ಲಿನಲ್ಲಿ ದಂಡ ಕಡಿತ ಎಂದಿದೆ. ಆ ದಂಡ ಏಜೆನ್ಸಿಯ ಜೇಬಿನಿಂದ ಹೋಗುವುದಿಲ್ಲ. ಕೊನೆಗೆ ಬಕೆಟ್ ಹಿಡಿದವಳ ಸಂಬಳದಲ್ಲೇ ಮುರಿಯುತ್ತಾರೆ. ಹೊಸ ಕರಡಿನಲ್ಲಿ ಅದನ್ನು ತೆಗೆದು, ನಮ್ಮವರೊಬ್ಬರು ಅವರ ಸೂಪರ್‌ವೈಸರ್ ಜೊತೆ ವಾರಕ್ಕೊಮ್ಮೆ ಎಲ್ಲ ಮಹಡಿ ನೋಡಿಬರಬೇಕು, ಬೇರೆ ಯಾವುದಕ್ಕೆ ದಂಡ ಹಾಕಿದರೂ ಅದನ್ನು ಸಂಬಳದಿಂದ ಮುರಿಯಬಾರದು ಎಂದು ಸೇರಿಸಿದೆ.

ಇನ್ನೊಂದು ಮಾತು. ಪಿಎಫ್ ಚಲನ್ ಪ್ರತಿ ಕೊಟ್ಟರೆ ಸಾಲದು. ಏಜೆನ್ಸಿಯ ಹತ್ತಾರು ಕಡೆಯ ಕೆಲಸಗಾರರಿಗೆಲ್ಲ ಒಂದೇ ಚಲನ್ ಇರುತ್ತದೆ. ನಮ್ಮಲ್ಲಿ ಕೆಲಸ ಮಾಡುವವರ ಹೆಸರು, ಯುಎಎನ್ ಸಂಖ್ಯೆ ಸಮೇತ ಪಟ್ಟಿ ಬೇಕು. ಉಮಂಗ್ ಆ್ಯಪಿನಲ್ಲಿ ಪಾಸ್‌ಬುಕ್ ನೋಡುವುದನ್ನು ಅಕ್ಕಂದಿರಿಗೇ ಕಲಿಸಿದರೆ ಅದಕ್ಕಿಂತ ದೊಡ್ಡ ತಪಾಸಣೆ ಇಲ್ಲ. ಮಧ್ಯಾಹ್ನ ಒಬ್ಬರಿಗೆ ತೋರಿಸಿಕೊಟ್ಟೆ. ಅವರು ಊಟ ಬಿಟ್ಟು ಉಳಿದವರನ್ನು ಕರೆತಂದರು.

ಮಾರ್ಚ್ 28, ಗುರುವಾರ

ಹಳೆಯ ಏಜೆನ್ಸಿಗೇ ಕರಾರು ಆಯಿತು, ಸೊನ್ನೆಯವರಿಗಿಂತ ಹೆಚ್ಚಿನ ದರಕ್ಕೆ. ಪ್ರತಿ ಏಪ್ರಿಲ್ ಒಂದರಂದು ತುಟ್ಟಿಭತ್ಯೆ ಏರಿದಷ್ಟೂ ದರ ತಾನಾಗಿ ಏರಬೇಕು, ಮತ್ತೆ ಚೌಕಾಸಿ ಇಲ್ಲ. ಸಹಿ ಹಾಕುವ ಮುಂಚೆ ಯಜಮಾನರು ಕೇಳಿದ್ದು ಒಂದೇ: ಬಿಲ್ ಪಾಸಾಗುವ ತಾರೀಖನ್ನು ಬರೆದುಕೊಡಿ. ಬರೆದುಕೊಟ್ಟೆವು. ಆ ತಾರೀಖು ಉಳಿಯಬೇಕಾದರೆ ಹಾಜರಿ ಪರಿಶೀಲನೆ ತಿಂಗಳ ಮೊದಲ ಎರಡು ದಿನದಲ್ಲಿ ಮುಗಿಯಬೇಕು. ಸೋಮವಾರ ಶಿಫ್ಟ್ ಮೇಲ್ವಿಚಾರಕರನ್ನೆಲ್ಲ ಕರೆದು ಹೇಳಬೇಕು.