ಕೊಡಚಾದ್ರಿಯ ಜೀಪುಗಳು ಹೇಳಿದ ಎತ್ತರದ ಲೆಕ್ಕ

ಕೊಲ್ಲೂರಿನಲ್ಲಿ ಮೂಕಾಂಬಿಕೆಯ ದರ್ಶನ ಮುಗಿಸಿದವರಿಗೆ ಮೋಡ ಸರಿದ ದಿನ ಕೊಡಚಾದ್ರಿ ಕಾಣಿಸುತ್ತದೆ. ಸಮುದ್ರಮಟ್ಟದಿಂದ 1,343 ಮೀಟರು ಎತ್ತರ. ಹೊಸನಗರ ತಾಲ್ಲೂಕಿಗೆ ಸೇರಿದ ಈ ಬೆಟ್ಟದ ತುದಿಯಲ್ಲಿ ಸರ್ವಜ್ಞ ಪೀಠವೆಂಬ ಪುಟ್ಟ ಕಲ್ಲಿನ ಗುಡಿಯಿದೆ. ಶಂಕರಾಚಾರ್ಯರು ತಪಸ್ಸು ಮಾಡಿದ ತಾಣವೆಂದು ಭಕ್ತರ ನಂಬಿಕೆ. ಕಾಲು ಗಟ್ಟಿಯಿದ್ದವರು ಕಾಡಿನ ದಾರಿ ಹಿಡಿಯುತ್ತಾರೆ. ಉಳಿದವರಿಗೆ ಜೀಪೇ ಗತಿ.

ಕೊಡಚಾದ್ರಿಯ ಸೂರ್ಯಾಸ್ತದ ಬಗ್ಗೆ ಬೇಕಾದಷ್ಟು ಮಂದಿ ಬರೆದಿದ್ದಾರೆ. ಅಲ್ಲಿಗೆ ಕರೆದೊಯ್ಯುವ ಜೀಪಿನ ಬಗ್ಗೆ ಬರೆದವರು ಕಡಿಮೆ. ನಾವು ಹೋದದ್ದು ಒಂದು ಡಿಸೆಂಬರ್ ಬೆಳಿಗ್ಗೆ: ನಾನು, ಅಕ್ಕ, ಭಾವ, ಎಂಜಿನಿಯರಿಂಗ್ ಮೂರನೆಯ ವರ್ಷ ಓದುತ್ತಿರುವ ಅವರ ಮಗ. ದೇವರ ದರ್ಶನದ ಜೊತೆಗೆ ಇನ್ನೊಂದು ಕಾರಣವೂ ಇತ್ತು. ಭಾವನ ತಂದೆಯವರ ಕಾಲದ ಮಹೀಂದ್ರ ಜೀಪೊಂದು ತೀರ್ಥಹಳ್ಳಿ ಕಡೆಯ ತೋಟದ ಮನೆಯಲ್ಲಿ ಅಡಿಕೆ ಸಿಪ್ಪೆಯ ಪಕ್ಕ ವರ್ಷಗಟ್ಟಲೆ ನಿಂತಿತ್ತು. ಹುಡುಗ ರಜೆಯಲ್ಲಿ ಅದಕ್ಕೆ ಜೀವ ಬರಿಸಿದ್ದ. ಈಗ ಅದಕ್ಕೆ 32 ಇಂಚಿನ ಟೈರು ಹಾಕಬೇಕು, ಬಾಡಿಯನ್ನು ನಾಲ್ಕೈದು ಇಂಚು ಎತ್ತಬೇಕು ಎಂಬುದು ಅವನ ಹಟ. ಅದೇ ಜೀಪಿನಲ್ಲಿ ಗೆಳೆಯರ ಜೊತೆ ಬೆಟ್ಟ ಹತ್ತುವ ಯೋಚನೆ. ಅಕ್ಕನಿಗೆ ನಿದ್ದೆಯಿಲ್ಲ. "ದಿನಾ ಬೆಟ್ಟ ಹತ್ತುವ ಜೀಪು ಹೇಗಿದೆ ನೋಡೋಣ, ಆಮೇಲೆ ಮಾತಾಡೋಣ" ಎಂದು ಭಾವ ರಾಜಿ ಮಾಡಿಸಿದ್ದರು.

ಕೊಲ್ಲೂರಿನಿಂದ ಜೀಪು ನಾಗೋಡಿ ಘಾಟಿ ಹತ್ತಿ ಮಲೆನಾಡಿನ ಮಗ್ಗುಲಿಗೆ ಬರುತ್ತದೆ. ಡಾಂಬರು ಮುಗಿದ ಮೇಲೆ ಕೆಂಪು ಮಣ್ಣು, ಅದರೊಳಗಿಂದ ಎದ್ದುನಿಂತ ಬಂಡೆ, ಮಳೆನೀರು ಕೊರೆದ ಕಾಲುವೆ. ಒಂದು ಚಕ್ರ ಹಳ್ಳದಲ್ಲಿದ್ದರೆ ಇನ್ನೊಂದು ಕಲ್ಲಿನ ಮೇಲೆ. ಮೇಲಿನ ಕಂಬಿ ಹಿಡಿದ ಕೈ ಬಿಟ್ಟರೆ ಪಕ್ಕದವರ ಮಡಿಲಿಗೆ. ಅಕ್ಕ ದೇವಿಯ ಹೆಸರು ಹೇಳುವುದನ್ನು ನಿಲ್ಲಿಸಲೇ ಇಲ್ಲ.

ಹುಡುಗ ನಿರಾಶನಾದದ್ದು ಹತ್ತುವ ಮೊದಲೇ. ಇಂಥ ದಾರಿಯ ಜೀಪು ಎಂದರೆ ಆನೆಯ ಹಾಗೆ ಇರುತ್ತದೆಂದು ಅವನ ಕಲ್ಪನೆ. ನಾವು ನೋಡಿದ ಜೀಪುಗಳು ಹೆಚ್ಚುಕಡಿಮೆ ಕಾರ್ಖಾನೆಯಿಂದ ಬಂದ ಎತ್ತರದಲ್ಲೇ ಇದ್ದವು. ಟೈರು ಮಾತ್ರ ಆಳವಾದ ಗುಬುಟುಗಳ ಬಟನ್ ಟೈರು. ನಮ್ಮ ಚಾಲಕ ಹಿಂದಿನ ಸ್ಪ್ರಿಂಗಿಗೆ ಒಂದು ಪಟ್ಟಿ ಹೆಚ್ಚಿಗೆ ಕೂರಿಸಿದ್ದ, ಅದೂ ಎಂಟು ಜನರ ಭಾರಕ್ಕೆ. ಮಳೆ ಹಿಡಿದಾಗ ಚಕ್ರಕ್ಕೆ ಸುತ್ತುವ ಸರಪಣಿ ಸೀಟಿನ ಕೆಳಗಿತ್ತು.

"ಅಣ್ಣ, ದೊಡ್ಡ ಟೈರು ಯಾಕೆ ಹಾಕಿಲ್ಲ?" ಎಂದು ಹುಡುಗ ಕೇಳಿದ.

ಚಾಲಕ ನಕ್ಕ. "ಹಾಕುಕೆ ಎಲ್ಲರಿಗೂ ಆತ್ತ್ ಮಾಣಿ. ಇಳಿವತ್ತಿಗೆ ನಿಲ್ಸುಕೆ ಆಯ್ಕಲ್ದಾ?"

ಈ ಒಂದು ಮಾತಿನಲ್ಲಿ ಎಷ್ಟು ಶಾಸ್ತ್ರವಿದೆಯೆಂದು ತಿಳಿಯಲು ಜೀಪಿನ ಹೊಟ್ಟೆಯ ಕೆಳಗೆ ಒಮ್ಮೆ ಬಗ್ಗಿ ನೋಡಬೇಕು. ಹಿಂದಿನ ಎರಡು ಚಕ್ರಗಳ ನಡುವಿನ ಅಚ್ಚಿನಲ್ಲಿ ಗುಂಡಗಿನ ಕಬ್ಬಿಣದ ಗಡ್ಡೆಯೊಂದಿದೆ. ಅದೇ ಡಿಫರೆನ್ಷಿಯಲ್. ಬಂಡೆಗೆ ಮೊದಲು ಬಡಿಯುವ ಭಾಗಗಳಲ್ಲಿ ಇದೂ ಒಂದು. ಅಚ್ಚು ಮತ್ತು ಚಾಸಿಯ ನಡುವಿನ ಸ್ಪ್ರಿಂಗನ್ನು ಎಷ್ಟೇ ಎತ್ತರಿಸಿದರೂ ಈ ಗಡ್ಡೆ ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. ಅದು ಇರುವುದು ಚಕ್ರದ ಮಟ್ಟದಲ್ಲಿ. ಅದನ್ನು ಎತ್ತುವುದು ಟೈರು ಮಾತ್ರ, ಅದೂ ಅರ್ಧ ಲೆಕ್ಕದಲ್ಲಿ. ಹಳೆಯ ಜೀಪುಗಳ 6.00-16 ಅಳತೆಯ ಟೈರು ಸುಮಾರು 28 ಇಂಚು ಎತ್ತರವಿರುತ್ತದೆ. ಅದರ ಬದಲು 32 ಇಂಚಿನದು ಹಾಕಿದರೆ ಅಚ್ಚು ಮೇಲೇಳುವುದು ಎರಡೇ ಇಂಚು. ಹಾಗಾದರೆ ಬಾಡಿ ಎತ್ತುವುದೇಕೆ? ಮುಖ್ಯವಾಗಿ ಆ ದೊಡ್ಡ ಟೈರು ಹಳ್ಳಕ್ಕೆ ಇಳಿದು ಮೇಲೆದ್ದಾಗ, ಅಥವಾ ತಿರುಗಿದಾಗ ಮಡ್‌ಗಾರ್ಡಿಗೆ ಉಜ್ಜದಿರಲಿ ಎಂದು.

ಎತ್ತುವ ದಾರಿ ಹಲವು. ಹೆಚ್ಚು ಬಾಗಿದ ಪಟ್ಟಿ ಹಾಕಬಹುದು. ಸ್ಪ್ರಿಂಗಿನ ತುದಿಯ ಶ್ಯಾಕಲ್ ಉದ್ದ ಮಾಡಬಹುದು. ಇದು ಅಗ್ಗ, ಕೆಲಸವೂ ಅಷ್ಟೇ ಅಗ್ಗದ್ದು. ಹಳೆಯ ಮಹೀಂದ್ರ ಜೀಪುಗಳಲ್ಲಿ ಸ್ಪ್ರಿಂಗ್ ಅಚ್ಚಿನ ಕೆಳಗಿರುತ್ತದೆ. ಅದನ್ನು ಅಚ್ಚಿನ ಮೇಲೆ ಕೂರಿಸಿದರೆ ಒಂದೇ ಏಟಿಗೆ ನಾಲ್ಕೈದು ಇಂಚು. ನೋಡಲು ಸುಲಭ, ಆದರೆ ಅಲ್ಲಿಂದ ಮುಂದೆ ಒಂದೊಂದೇ ತಕರಾರು. ಗೇರ್‌ಬಾಕ್ಸಿನಿಂದ ಅಚ್ಚಿಗೆ ಹೋಗುವ ಶಾಫ್ಟು ಓರೆಯಾಗಿ ಅದರ ಕೀಲು ಬೇಗ ಸವೆಯುತ್ತದೆ. ಬ್ರೇಕಿನ ರಬ್ಬರ್ ಪೈಪು ಬಿಗಿಯುತ್ತದೆ. ಸ್ಟೀರಿಂಗ್ ಸರಳಿನ ಕೋನ ಕೆಟ್ಟು, ಗುಂಡಿ ಸಿಕ್ಕಿದಾಗಲೆಲ್ಲ ಚಕ್ರ ತಾನಾಗಿ ಪಕ್ಕಕ್ಕೆ ಎಳೆಯುತ್ತದೆ. ಇವನ್ನೆಲ್ಲ ಸರಿಪಡಿಸದೆ ಬರೀ ಎತ್ತಿ ಬಿಡುವ ಗ್ಯಾರೇಜುಗಳೂ ಇವೆ.

ಹುಡುಗನ ನೋಟ್‌ಬುಕ್ಕಿನಲ್ಲಿ ಟೈರಿನ ಬೆಲೆಯಿತ್ತು, ಈ ಲೆಕ್ಕ ಇರಲಿಲ್ಲ. ಬೆಟ್ಟದ ಮೇಲೆ ಜೀಪು ನಿಂತ ಕಡೆ, ದೇವಿಯ ಗುಡಿಯ ಹತ್ತಿರ ಕೂತು ಇಬ್ಬರೂ ಬರೆದೆವು. 28ರಿಂದ 32ಕ್ಕೆ ಹೋದರೆ ಟೈರಿನ ಸುತ್ತಳತೆ ಏಳನೇ ಒಂದು ಭಾಗ ಹೆಚ್ಚುತ್ತದೆ. ಸ್ಪೀಡೋಮೀಟರು 70 ತೋರಿಸುವಾಗ ಜೀಪು ಓಡುತ್ತಿರುವುದು 80ರಲ್ಲಿ. ಗೇರು ಅದೇ ಇದ್ದರೂ ಎಂಜಿನ್ನಿಗೆ ಮೇಲಿನ ಗೇರಿನಲ್ಲಿ ಎಳೆದ ಹಾಗೆ. ಏರಿನಲ್ಲಿ ಕ್ಲಚ್ಚು ಸುಡುವುದು ಹೀಗೆ. ಅಷ್ಟೇ ಬೇಗ ನಿಲ್ಲಬೇಕಾದರೆ ಹಳೆಯ ಡ್ರಮ್ ಬ್ರೇಕು ಏಳನೇ ಒಂದು ಭಾಗ ಹೆಚ್ಚು ದುಡಿಯಬೇಕು. ಇಳಿಜಾರಿನಲ್ಲಿ ಎಂಜಿನ್ ಹಿಡಿದು ನಿಲ್ಲಿಸುವ ಶಕ್ತಿಯೂ ಅಷ್ಟರಮಟ್ಟಿಗೆ ಕುಗ್ಗುತ್ತದೆ. ಚಾಲಕ ಹೇಳಿದ್ದು ಇದನ್ನೇ, ಭಿನ್ನರಾಶಿ ಇಲ್ಲದೆ. ಇದೆಲ್ಲದರ ಮೇಲೆ ಜೀಪಿನ ಭಾರದ ನಡುಬಿಂದು ಮೇಲೇರುತ್ತದೆ. ಒಂದು ಪಕ್ಕದ ಚಕ್ರಗಳು ಕಾಲುವೆಗೆ ಇಳಿದಾಗ ಮೊದಲು ಮಗುಚದೆ ನಿಲ್ಲುತ್ತಿದ್ದ ಓರೆಯಲ್ಲಿ ಈಗ ಮಗುಚಬಹುದು.

ದೊಡ್ಡ ಟೈರೇ ದಂಡವೆಂದು ಇದರ ಅರ್ಥವಲ್ಲ. ಐಸ್‌ಲ್ಯಾಂಡಿನಲ್ಲಿ 38, 44 ಇಂಚಿನ ಟೈರುಗಳ ಜೀಪುಗಳು ಹಿಮನದಿಯ ಮೇಲೆ ಓಡಾಡುತ್ತವೆ. ಅಲ್ಲಿ ಎತ್ತರಕ್ಕಿಂತ ಮುಖ್ಯವಾದದ್ದು ಅಗಲ. ಗಾಳಿಯನ್ನು ಎರಡು ಮೂರು ಪೌಂಡಿಗೆ ಇಳಿಸಿದರೆ ಟೈರು ಚಪಾತಿಯಂತೆ ಹರಡಿ, ಜೀಪು ಹಿಮದಲ್ಲಿ ಹೂತುಹೋಗದೆ ತೇಲುತ್ತದೆ. ಅದೇ ದೇಶದಲ್ಲಿ ದಾರಿ ಬಿಟ್ಟು ಬರಿನೆಲದ ಮೇಲೆ ವಾಹನ ನಡೆಸಿದರೆ ಅಪರಾಧ. ಪಾಚಿಯ ಮೇಲೆ ಬಿದ್ದ ಚಕ್ರದ ಗುರುತು ಹತ್ತಾರು ವರ್ಷ ಮಾಸುವುದಿಲ್ಲ. ಕೊಡಚಾದ್ರಿಯ ಹುಲ್ಲುಗಾವಲೂ, ಕಣಿವೆಗಳಲ್ಲಿ ಅಡಗಿ ಕೂತ ಶೋಲಾ ಕಾಡೂ ಅಷ್ಟೇ ಸೂಕ್ಷ್ಮ. ನನ್ನ ಮಟ್ಟಿಗೆ ಹೇಳುವುದಾದರೆ, ಹುಲ್ಲಿನ ಮೇಲೆ ಹತ್ತಿಸಿ ಫೋಟೋ ತೆಗೆಸಿಕೊಳ್ಳಲು ಜೀಪು ಎತ್ತುವವರು ಎತ್ತದಿರುವುದೇ ಒಳ್ಳೆಯದು.

ಸರ್ವಜ್ಞ ಪೀಠಕ್ಕೆ ಅಲ್ಲಿಂದ ನಡೆದೇ ಹೋಗಬೇಕು. ಅಕ್ಕ ಎಲ್ಲರಿಗಿಂತ ಮುಂದೆ ನಡೆದಳು. ಗಾಳಿ ಜೋರಾಗಿತ್ತು; ಪಡುವಣದಲ್ಲಿ ಸಮುದ್ರ ಮಸುಕಾದ ಬೆಳ್ಳಿಗೆರೆಯಂತೆ ಕಂಡಿತು.

ಇಳಿಯುವಾಗ ಹುಡುಗ ಚಾಲಕನ ಪಕ್ಕ ಕೂತು ಅವನ ಕಾಲನ್ನೇ ನೋಡುತ್ತಿದ್ದ. ಸಣ್ಣ ಗೇರು, ನಾಲ್ಕೂ ಚಕ್ರಕ್ಕೆ ಎಳೆತ, ಬ್ರೇಕಿನ ಮೇಲೆ ಕಾಲು ಅಪರೂಪ. ಎದುರಿಗೆ ಬಂಡೆ ಬಂದರೆ ಅದನ್ನು ಎರಡು ಚಕ್ರಗಳ ನಡುವೆ ಬಿಡದೆ, ಟೈರನ್ನೇ ಅದರ ಮೇಲೆ ಹತ್ತಿಸುತ್ತಿದ್ದ. ಗಡ್ಡೆ ತಾನಾಗಿ ಮೇಲೆದ್ದು ದಾಟುತ್ತಿತ್ತು. "ಮಾವ, ಎರಡು ಇಂಚು ಪುಕ್ಕಟೆ" ಎಂದ ಹುಡುಗ.

ಕಾನೂನಿನ ಮಾತು ಭಾವನದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿಯಲ್ಲಿ ನಮೂದಾದ ತಯಾರಕರ ಮೂಲ ವಿವರಕ್ಕೆ ವ್ಯತಿರಿಕ್ತವಾಗಿ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿ, ಒಪ್ಪಿಗೆಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ ಐದು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿದೆ. ಅಪಘಾತವಾದಾಗ ವಿಮಾ ಕಂಪನಿ ಇದನ್ನೇ ಹಿಡಿದು ತಗಾದೆ ತೆಗೆಯಬಹುದು. ಜೀಪು ಇನ್ನೂ ಅಜ್ಜನ ಹೆಸರಿನಲ್ಲೇ ಇದೆ ಎಂಬುದು ಆಗಲೇ ಹುಡುಗನಿಗೆ ತಿಳಿದದ್ದು.

ಹೋದ ತಿಂಗಳು ತೋಟಕ್ಕೆ ಹೋಗಿದ್ದೆ. ಟೈರಿಗೆಂದು ಕೂಡಿಟ್ಟ ಹಣದಲ್ಲಿ ನಾಲ್ಕೂ ಚಕ್ರದ ಬ್ರೇಕು ಹೊಸದಾಗಿದೆ. ಕುಸಿದಿದ್ದ ಸ್ಪ್ರಿಂಗುಗಳಿಗೆ ಮೂಲ ಅಳತೆಯ ಪಟ್ಟಿ, ಹೊಸ ಬುಷ್ ಬಿದ್ದಿದೆ. ಅಷ್ಟಕ್ಕೇ ಜೀಪು ಎದ್ದು ನಿಂತ ಹಾಗೆ ಕಾಣುತ್ತದೆ. ಕಂಪನಿಯ ಅಳತೆಯದೇ ಬಟನ್ ಟೈರಿಗೆ ಶಿವಮೊಗ್ಗದಲ್ಲಿ ಮುಂಗಡ ಕೊಟ್ಟಾಗಿದೆ. ನೋಟ್‌ಬುಕ್ಕಿನಲ್ಲಿ "ಲಿಫ್ಟ್" ಎಂಬ ಸಾಲನ್ನು ಹುಡುಗ ಇನ್ನೂ ಹೊಡೆದುಹಾಕಿಲ್ಲ. ಎದುರಿಗೆ ಪೆನ್ಸಿಲಿನಲ್ಲಿ "ಆರ್‌ಟಿಒ ಕಚೇರಿ, ಸೋಮವಾರ" ಎಂದು ಬರೆದುಕೊಂಡಿದ್ದಾನೆ.